ನೋಟಕ್ಕೊಂದು ನೆಲೆ: ಹಳೆಯ ಬ್ರಿಟಿಷ್ ಚಿತ್ರಗಳು ಮತ್ತು ದಕ್ಷಿಣ ಬೆಂಗಳೂರಿನ ಸಹೃದಯ ಪ್ರೇಕ್ಷಕ

1. ಪ್ರವೇಶ

ಸಿನಿಮಾವನ್ನು ಕುರಿತ ಕನ್ನಡದ ಬರವಣಿಗೆ ಬಹುಮಟ್ಟಿಗೆ ನಿರ್ದೇಶಕನನ್ನು, ಕೃತಿಯನ್ನು ಅಥವಾ ಉದ್ಯಮವನ್ನು ಕೇಂದ್ರದಲ್ಲಿ ಇರಿಸಿಕೊಂಡು ಬೆಳೆದಿದೆ. ಚಿತ್ರವನ್ನು ನೋಡಿದವರು ಹೊರಗೆ ಬಂದ ಮೇಲೆ ತಮ್ಮತಮ್ಮಲ್ಲಿ ಏನು ಮಾತನಾಡಿಕೊಂಡರು ಎಂಬುದು ಅಧ್ಯಯನದ ವಸ್ತುವಾದದ್ದು ಕಡಿಮೆ. ಪತ್ರಿಕೆಯ ವಿಮರ್ಶೆಗೆ ಆಕರದ ಮಾನ್ಯತೆ ಇದೆ. ಪ್ರೇಕ್ಷಕರ ಮಾತಿಗೆ ಅದು ಇನ್ನೂ ದೊರೆತಿಲ್ಲ. ಭಾರತೀಯ ಕಾವ್ಯಮೀಮಾಂಸೆಯಾದರೋ ಕವಿಯಷ್ಟೇ ಮಹತ್ವವನ್ನು ಸಹೃದಯನಿಗೂ ನೀಡಿತು. ಶಾಸ್ತ್ರಾಭ್ಯಾಸವಿಲ್ಲದೆಯೂ ಕಾವ್ಯದ ಗುಣದೋಷಗಳನ್ನು ಅರಿಯಬಲ್ಲ ಜನರನ್ನು ಕವಿರಾಜಮಾರ್ಗಕಾರನು ನಾಡಿನ ಹೆಮ್ಮೆಯಾಗಿ ಕಂಡನು. ಇಂಥ ಪರಂಪರೆಯುಳ್ಳ ಭಾಷೆಯಲ್ಲಿ ಚಿತ್ರಪ್ರೇಕ್ಷಕನ ಅನುಭವ ದಾಖಲೆಗೆ ಸೇರದೆ ಉಳಿದಿರುವುದು ಒಂದು ಕೊರತೆಯೇ ಸರಿ.

ಈ ಕೊರತೆಯ ಒಂದು ಸಣ್ಣ ಭಾಗವನ್ನು ಪ್ರಸ್ತುತ ಲೇಖನ ಎತ್ತಿಕೊಳ್ಳುತ್ತದೆ. ಹಳೆಯ, ಅಷ್ಟಾಗಿ ಪ್ರಸಿದ್ಧಿ ಪಡೆಯದ ಬ್ರಿಟಿಷ್ ಚಿತ್ರಗಳನ್ನು ಕನ್ನಡದ ಪ್ರೇಕ್ಷಕನು ನೋಡಿ, ಅವುಗಳ ಬಗ್ಗೆ ತನ್ನಂಥ ಇತರರೊಡನೆ ಅನಿಸಿಕೆ ಹಂಚಿಕೊಂಡಾಗ ಆ ಚಿತ್ರಗಳಿಗೆ ಏನಾಗುತ್ತದೆ? ಅವುಗಳ ತವರಿನ ಚರಿತ್ರೆಕಾರರಿಗೆ ಕಾಣದ ಅರ್ಥಗಳು ಇಲ್ಲಿನವರಿಗೆ ಕಾಣುವ ಸಾಧ್ಯತೆ ಇದೆಯೆ? ಇದೆ ಎಂಬುದೂ, ಅಂಥ ಅನಿಸಿಕೆಗಳಲ್ಲಿ ಕೆಲವು ಚಾರಿತ್ರಿಕ ಸಾಕ್ಷ್ಯದ ಬೆಲೆಯುಳ್ಳವು ಎಂಬುದೂ ಇಲ್ಲಿನ ವಾದ. ಇದಕ್ಕಾಗಿ ದಕ್ಷಿಣ ಬೆಂಗಳೂರಿನ ಚಿತ್ರಸಮಾಜದ ಪರಿಸರವನ್ನು ನೆಲೆಯಾಗಿ ಇಟ್ಟುಕೊಂಡು, ಎರಡು ಚಿತ್ರಗಳನ್ನು ಮುಖ್ಯ ನಿದರ್ಶನಗಳಾಗಿ ಆರಿಸಿಕೊಳ್ಳಲಾಗಿದೆ.

2. ದಂಡಿನಿಂದ ಬನಶಂಕರಿಗೆ

ಬೆಂಗಳೂರಿನಲ್ಲಿ ಇಂಗ್ಲಿಷ್ ಚಿತ್ರ ಎಂಬುದು ಬಹುಕಾಲ ದಂಡು ಪ್ರದೇಶಕ್ಕೆ ಸೇರಿದ ಸಂಗತಿಯಾಗಿತ್ತು. ಮಹಾತ್ಮ ಗಾಂಧಿ ರಸ್ತೆಯ ಪ್ಲಾಜಾ, ಬ್ರಿಗೇಡ್ ರಸ್ತೆಯ ರೆಕ್ಸ್ ಮೊದಲಾದ ಚಿತ್ರಮಂದಿರಗಳು ಅದರ ಕೇಂದ್ರಗಳು. ಪ್ಲಾಜಾ ಇದ್ದ ಜಾಗದಲ್ಲಿ ಇಂದು ಮೆಟ್ರೊ ನಿಲ್ದಾಣವಿದೆ. ರೆಕ್ಸ್ 2018ರಲ್ಲಿ ಮುಚ್ಚಿತು. 1948ರಲ್ಲಿ ಅಸ್ತಿವಾರ ಕಂಡ ಜಯನಗರ ಮತ್ತು ಅದರ ನಂತರ ಬೆಳೆದ ಬನಶಂಕರಿ, ಜೆ.ಪಿ. ನಗರಗಳ ನಿವಾಸಿಗಳಿಗೆ ಇಂಗ್ಲಿಷ್ ಚಿತ್ರ ನೋಡುವುದೆಂದರೆ ಊರಿನ ಇನ್ನೊಂದು ತುದಿಗೆ ಹೋಗಿಬರುವ ಕೆಲಸ. ಹಾಗೆ ಹೋದಾಗಲೂ ಕಾಣಸಿಗುತ್ತಿದ್ದವು ಹೆಚ್ಚಾಗಿ ಅಮೆರಿಕದ ಚಿತ್ರಗಳು. ಬ್ರಿಟನ್ನಿನ ಸಣ್ಣ ಚಿತ್ರಗಳಿಗೆ ವ್ಯಾಪಾರದ ದಾರಿಯಲ್ಲಿ ಸ್ಥಳವಿರಲಿಲ್ಲ.

ಈ ಸ್ಥಿತಿಯನ್ನು ಬದಲಿಸಿದ್ದು ಚಿತ್ರಸಮಾಜ ಚಳವಳಿ. ಇದರ ಮೂಲಮಾದರಿಯೂ ಬ್ರಿಟನ್ನಿನದೇ. 1925ರಲ್ಲಿ ಲಂಡನ್ನಿನಲ್ಲಿ ಐವರ್ ಮಾಂಟೆಗ್ಯು ಮೊದಲಾದವರು ಫಿಲ್ಮ್ ಸೊಸೈಟಿಯನ್ನು ಸ್ಥಾಪಿಸಿದಾಗ ಎಚ್.ಜಿ. ವೆಲ್ಸ್, ಬರ್ನಾರ್ಡ್ ಷಾ ಅವರಂಥ ಲೇಖಕರು ಬೆಂಬಲಕ್ಕೆ ನಿಂತರು. ಸಾರ್ವಜನಿಕ ಚಿತ್ರಮಂದಿರದಲ್ಲಿ ದೊರೆಯದ ಚಿತ್ರಗಳನ್ನು ಸದಸ್ಯರಿಗಷ್ಟೇ ತೋರಿಸುವ ಈ ಕ್ರಮ 1947ರಲ್ಲಿ ಸತ್ಯಜಿತ್ ರಾಯ್, ಚಿದಾನಂದ ದಾಸಗುಪ್ತ ಮೊದಲಾದವರ ಮೂಲಕ ಕಲ್ಕತ್ತಾದಲ್ಲಿ ನೆಲೆಯೂರಿತು. ಬ್ರಿಟಿಷ್ ವಿಮರ್ಶಕಿ ಮೇರಿ ಸೀಟನ್ ಅವರು 1955ರಿಂದ ಭಾರತದಲ್ಲಿ ನೀಡಿದ ಉಪನ್ಯಾಸಗಳು ಇದಕ್ಕೆ ಒತ್ತಾಸೆಯಾದವು. 1959ರಲ್ಲಿ ರಾಯ್ ಅವರ ಅಧ್ಯಕ್ಷತೆಯಲ್ಲಿ ಚಿತ್ರಸಮಾಜಗಳ ಒಕ್ಕೂಟ ರೂಪುಗೊಂಡಿತು. ಕರ್ನಾಟಕದಲ್ಲಿ ಈ ಚಳವಳಿ ಎರಡು ಬಗೆಯ ನೆಲದಲ್ಲಿ ಬೇರೂರಿದ್ದು ವಿಶೇಷ. ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಮ್ ಹಳ್ಳಿಯ ಪ್ರೇಕ್ಷಕರಿಗೆ ಜಗತ್ತಿನ ಚಿತ್ರಗಳನ್ನು ತೋರಿಸಿತು. ಬೆಂಗಳೂರಿನಲ್ಲಿ 1971ರಲ್ಲಿ ಹುಟ್ಟಿದ ಸುಚಿತ್ರಾ ಫಿಲ್ಮ್ ಸೊಸೈಟಿ ಮುಂದೆ ಬನಶಂಕರಿ ಎರಡನೆಯ ಹಂತದಲ್ಲಿ ಸ್ವಂತ ಕಟ್ಟಡವನ್ನು ಪಡೆಯಿತು. ಸತ್ಯಜಿತ್ ರಾಯ್ ಶಂಕುಸ್ಥಾಪನೆ ನೆರವೇರಿಸಿದ ಆ ಕಟ್ಟಡದ ಮುಂದಿನ ರಸ್ತೆಗೆ ಬಿ.ವಿ. ಕಾರಂತರ ಹೆಸರಿದೆ.

ಚಿತ್ರಸಮಾಜಗಳಿಗೆ ಚಿತ್ರಗಳು ದೊರೆಯುತ್ತಿದ್ದದ್ದು ಮುಖ್ಯವಾಗಿ ರಾಯಭಾರ ಕಚೇರಿಗಳಿಂದ, ಸಾಂಸ್ಕೃತಿಕ ಕೇಂದ್ರಗಳಿಂದ ಮತ್ತು 1964ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಿಂದ. 16 ಮಿ.ಮೀ. ಪ್ರತಿಗಳು ಪೆಟ್ಟಿಗೆಗಳಲ್ಲಿ ಬಂದು, ಒಂದೆರಡು ದಿನ ಉಳಿದು, ಮುಂದಿನ ಊರಿಗೆ ಹೋಗುತ್ತಿದ್ದವು. ಮತ್ತೆ ನೋಡುವ ಅವಕಾಶ ಇಲ್ಲದಿದ್ದುದರಿಂದ ನೋಡಿದ್ದನ್ನು ಮಾತಿನಲ್ಲಿ ಉಳಿಸಿಕೊಳ್ಳುವುದು ಅನಿವಾರ್ಯವಾಗಿತ್ತು. ಪ್ರದರ್ಶನದ ನಂತರದ ಚರ್ಚೆ ಚಿತ್ರಸಮಾಜದ ಶಿಷ್ಟಾಚಾರವಷ್ಟೇ ಆಗಿರಲಿಲ್ಲ. ಅದು ಪ್ರೇಕ್ಷಕರ ಸಾಮೂಹಿಕ ನೆನಪಿನ ಸಾಧನವೂ ಆಗಿತ್ತು. ಡಿ.ವಿ.ಡಿ. ಬಂದ ಮೇಲೆ ಚಿತ್ರ ಕೈಗೆ ಸಿಕ್ಕಿತು. ಒಟ್ಟಿಗೆ ಕುಳಿತು ನೆನಪಿಸಿಕೊಳ್ಳುವ ಒತ್ತಡ ತಗ್ಗಿತು.

ಇನ್ನು, ಬ್ರಿಟನ್ನಿನಲ್ಲಿ ಮರೆತುಹೋದ ಚಿತ್ರಗಳು ಇಷ್ಟೊಂದು ಸಂಖ್ಯೆಯಲ್ಲಿ ಇರುವುದಕ್ಕೆ ಒಂದು ಚಾರಿತ್ರಿಕ ಕಾರಣವಿದೆ. ಅಮೆರಿಕದ ಚಿತ್ರಗಳ ಪೈಪೋಟಿಯನ್ನು ತಡೆಯಲು 1927ರಲ್ಲಿ ಬಂದ ಸಿನಿಮಾ ಕಾಯಿದೆ, ಪ್ರದರ್ಶಕರೂ ವಿತರಕರೂ ನಿಗದಿತ ಪ್ರಮಾಣದಲ್ಲಿ ಬ್ರಿಟಿಷ್ ಚಿತ್ರಗಳನ್ನು ಇಟ್ಟುಕೊಳ್ಳಲೇಬೇಕೆಂದು ವಿಧಿಸಿತು. ಈ ಪಾಲನ್ನು ತುಂಬಿಸುವುದಕ್ಕೆಂದೇ ಅಲ್ಪ ವೆಚ್ಚದಲ್ಲಿ, ಅವಸರದಲ್ಲಿ ತೆಗೆದ ಚಿತ್ರಗಳ ರಾಶಿ ಬೆಳೆಯಿತು. ಅವುಗಳಲ್ಲಿ ಬಹುಪಾಲು ಸತ್ವಹೀನವಾದರೂ ಹಲವರಿಗೆ ಅದು ಗರಡಿಮನೆಯಾಯಿತು. ಮುಂದೆ ಹೆಸರಾಂತ ನಿರ್ದೇಶಕನಾದ ಮೈಕೆಲ್ ಪೊವೆಲ್ ಪಳಗಿದ್ದು ಇಂಥ ಚಿತ್ರಗಳಲ್ಲಿಯೇ.

ಇಂಥ ಚಿತ್ರಗಳ ಮುಂದೆ ಕುಳಿತ ಕನ್ನಡ ಪ್ರೇಕ್ಷಕನ ಅನಿಸಿಕೆಗಳನ್ನು ಮೂರು ಬಗೆಯಾಗಿ ವಿಂಗಡಿಸಬಹುದು: ಗುರುತು, ಹೋಲಿಕೆ ಮತ್ತು ತಕರಾರು. ಇವು ಬಿಡಿಯಾಗಿ ಬರುವುದಕ್ಕಿಂತ ಒಂದರೊಳಗೊಂದು ಬೆರೆತು ಬರುವುದೇ ಹೆಚ್ಚು. ವಿವರಣೆಯ ಅನುಕೂಲಕ್ಕಾಗಿ ಇಲ್ಲಿ ಬೇರೆಬೇರೆಯಾಗಿ ನೋಡಲಾಗಿದೆ.

3. ಗುರುತು: ‘ಎಲಿಫೆಂಟ್ ಬಾಯ್’

1937ರಲ್ಲಿ ತೆರೆಕಂಡ ‘ಎಲಿಫೆಂಟ್ ಬಾಯ್’ ಬ್ರಿಟಿಷ್ ಚಿತ್ರಚರಿತ್ರೆಯಲ್ಲಿ ಅಂಚಿನ ಕೃತಿ. ನಿರ್ಮಾಪಕ ಅಲೆಕ್ಸಾಂಡರ್ ಕೊರ್ಡಾನ ಲಂಡನ್ ಫಿಲ್ಮ್ಸ್ ಸಂಸ್ಥೆಯ ಸಾಮ್ರಾಜ್ಯಕಥನಗಳ ಸಾಲಿನಲ್ಲಿ ಅದಕ್ಕೊಂದು ಪುಟ್ಟ ಸ್ಥಾನವಿದೆ. ‘ನಾನೂಕ್ ಆಫ್ ದಿ ನಾರ್ತ್’ ಚಿತ್ರದಿಂದ ಖ್ಯಾತನಾಗಿದ್ದ ಅಮೆರಿಕದ ರಾಬರ್ಟ್ ಫ್ಲಾಹರ್ಟಿ 1935ರಲ್ಲಿ ಮೈಸೂರಿಗೆ ಬಂದು, ನಾಲ್ವಡಿ ಕೃಷ್ಣರಾಜ ಒಡೆಯರ ಸಂಸ್ಥಾನದ ನೆರವಿನಿಂದ ಇಲ್ಲಿನ ಕಾಡು, ಆನೆ, ಮಾವುತರನ್ನು ಚಿತ್ರಿಸಿದನು. ತಿಂಗಳುಗಳು ಉರುಳಿದರೂ ಕಥೆ ಕೂಡಿಬರದಿದ್ದಾಗ ನಿರ್ಮಾಪಕರು ತಂಡವನ್ನು ಹಿಂದಕ್ಕೆ ಕರೆಸಿಕೊಂಡರು. ಕಥಾಭಾಗವನ್ನು ಜೋಲ್ಟನ್ ಕೊರ್ಡಾ ಇಂಗ್ಲೆಂಡಿನ ಡೆನ್‌ಹ್ಯಾಮ್ ಸ್ಟುಡಿಯೊದಲ್ಲಿ ಚಿತ್ರೀಕರಿಸಿದನು. ಹೀಗಾಗಿ ಇದು ಎರಡು ಕೈಗಳ ಕೃತಿ. ಸ್ಟುಡಿಯೊ ದೃಶ್ಯಗಳಿಗೂ ಮೈಸೂರಿನ ದೃಶ್ಯಗಳಿಗೂ ನಡುವಿನ ಹೊಲಿಗೆ ಕಣ್ಣಿಗೆ ಕಾಣುತ್ತದೆ. 1937ರ ವೆನಿಸ್ ಉತ್ಸವದಲ್ಲಿ ಇಬ್ಬರಿಗೂ ನಿರ್ದೇಶನದ ಪ್ರಶಸ್ತಿ ದೊರೆತರೂ ಈ ಹೊಲಿಗೆಯನ್ನೇ ಚಿತ್ರದ ಮುಖ್ಯ ದೋಷವೆಂದು ವಿಮರ್ಶಕರು ಗಣಿಸುತ್ತ ಬಂದಿದ್ದಾರೆ.

ಕನ್ನಡ ಪ್ರೇಕ್ಷಕನ ಕಣ್ಣು ಬೇರೆಡೆ ನಿಲ್ಲುತ್ತದೆ. ತೂಮಾಯ್ ಎಂಬ ಬಾಲಕನಾಗಿ ಅಭಿನಯಿಸಿದ ಸಾಬು ಹುಟ್ಟಿದ್ದು 1924ರಲ್ಲಿ, ಕಬಿನಿ ನದಿಯ ದಂಡೆಯ ಕಾರಾಪುರದಲ್ಲಿ. ಅವನದು ಮಾವುತರ ಮನೆತನ. ಚಿತ್ರತಂಡದ ಕಣ್ಣಿಗೆ ಬಿದ್ದದ್ದು ಅರಮನೆಯ ಆನೆಲಾಯದಲ್ಲಿ. ತೆರೆಯ ಮೇಲೆ ಕಾಲಾ ನಾಗ್ ಎಂದು ಕರೆಸಿಕೊಳ್ಳುವ ಆನೆ ಮೈಸೂರಿನ ಐರಾವತ. ಬ್ರಿಟಿಷ್ ಚರಿತ್ರೆಕಾರನಿಗೆ ಇವು ಅಡಿಟಿಪ್ಪಣಿಯ ವಿವರಗಳು. ಹೆಗ್ಗಡದೇವನಕೋಟೆಯ ಕಡೆಯಿಂದ ಬಂದು ಬನಶಂಕರಿಯಲ್ಲಿ ಮನೆ ಮಾಡಿಕೊಂಡವರಿಗೆ ಇವೇ ಚಿತ್ರದ ಒಡಲು.

ಈ ಗುರುತಿಗೆ ಭಾವುಕತೆಯನ್ನು ಮೀರಿದ ಬೆಲೆಯಿದೆ. ಮೈಸೂರು ಸೀಮೆಯ ಖೆಡ್ಡಾ, ಅಂದರೆ ಕಾಡಾನೆಗಳ ಹಿಂಡನ್ನು ಸುತ್ತುವರಿದು ದೊಡ್ಡಿಗೆ ನೂಕಿ ಹಿಡಿಯುವ ಪದ್ಧತಿ, ಜಿ.ಪಿ. ಸ್ಯಾಂಡರ್‌ಸನ್ ಎಂಬ ಅಧಿಕಾರಿಯ ಮೇಲ್ವಿಚಾರಣೆಯಲ್ಲಿ 1874ರಲ್ಲಿ ಚಾಮರಾಜನಗರದ ಕಡೆ ಮೊದಲ ಬಾರಿಗೆ ಯಶಸ್ವಿಯಾಯಿತು. ಮುಂದೆ ಕಾಕನಕೋಟೆ ಅದರ ಪ್ರಸಿದ್ಧ ತಾಣವಾಯಿತು. ಆನೆಗಳ ಜಾಡು ಹಿಡಿಯುವುದರಲ್ಲಿ, ಹಿಂಡನ್ನು ದಿನಗಟ್ಟಲೆ ಸದ್ದಿಲ್ಲದೆ ಕಾಯುವುದರಲ್ಲಿ ಜೇನುಕುರುಬ, ಕಾಡುಕುರುಬ ಸಮುದಾಯಗಳ ಅರಿವೇ ಆಧಾರ. ಹಿಂಡನ್ನು ನದಿಗೆ ಇಳಿಸಿ ದಾಟಿಸುವುದು ಕಾಕನಕೋಟೆಯ ಖೆಡ್ಡಾದ ವೈಶಿಷ್ಟ್ಯ. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. 1974ರಲ್ಲಿ ಕಬಿನಿ ಅಣೆಕಟ್ಟು ಪೂರ್ಣಗೊಂಡಾಗ ಆ ನದೀಪಾತ್ರವೂ ಸುತ್ತಲಿನ ಕಾಡಿನ ಒಂದು ಭಾಗವೂ ಹಿನ್ನೀರಿನಲ್ಲಿ ಮುಳುಗಿದವು. ಮಾಸ್ತಿಯವರ ‘ಕಾಕನಕೋಟೆ’ ನಾಟಕವನ್ನು ಓದಿದವರಿಗೆ, 1977ರಲ್ಲಿ ಸಿ.ಆರ್. ಸಿಂಹ ನಿರ್ದೇಶಿಸಿದ ಅದರ ಚಿತ್ರರೂಪವನ್ನು ನೋಡಿದವರಿಗೆ ಈ ಕಾಡು ಒಂದು ಸಾಹಿತ್ಯಕ ಭೂಪಟವಾಗಿ ಪರಿಚಿತ. ಅಣೆಕಟ್ಟಿಗೆ ಸುಮಾರು ನಾಲ್ಕು ದಶಕಗಳ ಮೊದಲಿನ ಆ ನೆಲದ ಚಲಿಸುವ ರೂಪ ಉಳಿದಿರುವ ಅಪರೂಪದ ಕಡೆಗಳಲ್ಲಿ ಒಂದು, ಇಂಗ್ಲೆಂಡಿನಲ್ಲಿ ಅರೆಮನಸ್ಸಿನಿಂದ ಮುಗಿಸಿದ ಈ ಚಿತ್ರ.

ಹಾಗಾಗಿ ‘ಇದು ಆ ಹೊಳೆ’, ‘ಆನೆಗೆ ಹೀಗೆ ಹಗ್ಗ ಕಟ್ಟುವುದು ನಮ್ಮ ಕಡೆಯ ಕ್ರಮ’ ಎಂಬಂಥ ಸಾಮಾನ್ಯ ಮಾತು ಇಲ್ಲಿ ಸಾಕ್ಷ್ಯದ ಸ್ವರೂಪ ಪಡೆಯುತ್ತದೆ. ಯಾವ ದೃಶ್ಯ ಮೈಸೂರಿನದು, ಯಾವುದು ಡೆನ್‌ಹ್ಯಾಮಿನದು ಎಂಬುದನ್ನು ಚಿತ್ರೀಕರಣದ ಕಡತಗಳು ಸ್ಥೂಲವಾಗಿ ಹೇಳಿಯಾವು. ಮೈಸೂರಿನಲ್ಲಿ ಯಾವ ಕಡವು, ಯಾವ ಕಾಲದ ಕಾಡು, ಎಂಥ ಹಗ್ಗ ಎಂಬುದನ್ನು ಹೇಳಬಲ್ಲವರು ಆ ನೆಲವನ್ನು ಬಲ್ಲವರು ಮಾತ್ರ.

4. ಹೋಲಿಕೆ: ಎರಡು ದ್ವೀಪಗಳು

ಪ್ರೇಕ್ಷಕನಿಗೆ ಗುರುತು ಹಚ್ಚಲು ಏನೂ ಇಲ್ಲದ ಚಿತ್ರದ ಪಾಡೇನು? ಮೈಕೆಲ್ ಪೊವೆಲ್ 1937ರಲ್ಲಿಯೇ ನಿರ್ದೇಶಿಸಿದ ‘ದಿ ಎಡ್ಜ್ ಆಫ್ ದಿ ವರ್ಲ್ಡ್’ ಇದಕ್ಕೆ ಒಳ್ಳೆಯ ನಿದರ್ಶನ. ಸ್ಕಾಟ್ಲೆಂಡಿನ ಪಶ್ಚಿಮಕ್ಕಿರುವ ಸೇಂಟ್ ಕಿಲ್ಡಾ ದ್ವೀಪದಲ್ಲಿ ಉಳಿದಿದ್ದ 36 ಜನ 1930ರ ಆಗಸ್ಟ್ 29ರಂದು ತಮ್ಮ ನೆಲವನ್ನು ಶಾಶ್ವತವಾಗಿ ತೊರೆದರು. ಈ ಘಟನೆಯೇ ಚಿತ್ರದ ಪ್ರೇರಣೆ. ಅಲ್ಲಿ ಚಿತ್ರೀಕರಣಕ್ಕೆ ಅನುಮತಿ ದೊರೆಯದೆ ಪೊವೆಲ್ ತನ್ನ ತಂಡವನ್ನು ಶೆಟ್ಲೆಂಡಿನ ಫೌಲಾ ದ್ವೀಪಕ್ಕೆ ಕರೆದೊಯ್ದನು. ಊರು ಬಿಡಬೇಕೆ, ಉಳಿಯಬೇಕೆ ಎಂಬ ಪ್ರಶ್ನೆ ಎರಡು ಮನೆತನಗಳ ತರುಣರ ನಡುವೆ ಬಂಡೆ ಹತ್ತುವ ಪಂತಕ್ಕೆ ಕಾರಣವಾಗುತ್ತದೆ. ಬಿಡಬೇಕೆನ್ನುವ ರಾಬಿ ಬಿದ್ದು ಸಾಯುತ್ತಾನೆ. ಅವನ ತಂಗಿ ರೂತಳ ಕೂಸಿನ ಕಾಯಿಲೆ ಕೊನೆಗೆ ಊರು ಬಿಡುವ ತೀರ್ಮಾನವನ್ನು ಅನಿವಾರ್ಯಗೊಳಿಸುತ್ತದೆ. ಉಳಿಯುವ ಹಟದ ಮುದುಕ ಪೀಟರ್ ಮ್ಯಾನ್ಸನ್ ಹೊರಡುವ ದಿನವೇ ಬಂಡೆಯಿಂದ ಜಾರಿ ಬೀಳುತ್ತಾನೆ.

ಉತ್ತರ ಅಟ್ಲಾಂಟಿಕಿನ ಗಾಳಿ, ಕುರಿ, ಕಡಲಹಕ್ಕಿಗಳ ಈ ಲೋಕಕ್ಕೂ ಜಯನಗರಕ್ಕೂ ನೇರ ಸಂಬಂಧವಿಲ್ಲ. ಆದರೆ ಕನ್ನಡ ಪ್ರೇಕ್ಷಕನು ಚಿತ್ರಮಂದಿರಕ್ಕೆ ಬರಿಗೈಯಲ್ಲಿ ಬರುವುದಿಲ್ಲ. ನಾ. ಡಿಸೋಜರ ಕಾದಂಬರಿಯನ್ನು ಆಧರಿಸಿ ಗಿರೀಶ ಕಾಸರವಳ್ಳಿಯವರು ನಿರ್ದೇಶಿಸಿದ, ಅತ್ಯುತ್ತಮ ಚಿತ್ರವೆಂಬ ರಾಷ್ಟ್ರೀಯ ಪ್ರಶಸ್ತಿ ಪಡೆದ ‘ದ್ವೀಪ’ (2002) ಅವನ ನೆನಪಿನಲ್ಲಿರುತ್ತದೆ. ಅಣೆಕಟ್ಟಿನ ಹಿನ್ನೀರು ಏರುತ್ತಿದ್ದಂತೆ ಉಳಿದವರೆಲ್ಲ ಹೊರಟುಹೋಗಿ, ಒಂದೇ ಕುಟುಂಬ ನಡುಗಡ್ಡೆಯಲ್ಲಿ ಉಳಿಯುವ ಕಥೆ ಅದು. ಶರಾವತಿಯ ಮುಳುಗಡೆಯನ್ನು ಸ್ವತಃ ಅಥವಾ ಸಾಹಿತ್ಯದ ಮೂಲಕ ಬಲ್ಲ ಪ್ರೇಕ್ಷಕನಿಗೆ ಪೊವೆಲ್‌ನ ದ್ವೀಪ ದೂರದ್ದಾಗಿ ಉಳಿಯುವುದಿಲ್ಲ.

ಇಲ್ಲಿ ಹೋಲಿಕೆಗಿಂತ ವ್ಯತ್ಯಾಸವೇ ಹೆಚ್ಚು ಬೆಳಕು ಚೆಲ್ಲುತ್ತದೆ. ಪೊವೆಲ್‌ನ ಚಿತ್ರದಲ್ಲಿ ದ್ವೀಪವನ್ನು ಬರಿದುಮಾಡುವುದು ಬಡತನ, ಹೊರಗಿನ ದೋಣಿಗಳ ಪೈಪೋಟಿ, ಯುವಕರ ವಲಸೆ, ಶತ್ರುವಿಗೆ ಮುಖವಿಲ್ಲ. ‘ದ್ವೀಪ’ದಲ್ಲಿ ನೀರನ್ನು ಏರಿಸುವುದು ಪ್ರಭುತ್ವದ ಒಂದು ಯೋಜನೆ; ಪರಿಹಾರಧನದ ಕಾಗದಗಳೂ ಅದರ ಭಾಗ. ಪೊವೆಲ್‌ನಲ್ಲಿ ಉಳಿಯುವ ಅಥವಾ ಹೋಗುವ ನಿರ್ಧಾರ ಗಂಡಸರ ನಡುವಿನ ವಾದ. ರೂತಳ ಸಂಕಟ ಆ ವಾದಕ್ಕೆ ಕೊನೆ ಹಾಡುವ ಕಾರಣವಾದರೂ ಅವಳ ಮಾತಿಗೆ ಅಲ್ಲಿ ಸ್ಥಾನ ಕಡಿಮೆ. ಕಾಸರವಳ್ಳಿಯವರಲ್ಲಿ ಮನೆಯನ್ನು ನೀರಿನಿಂದ ಉಳಿಸಿಕೊಳ್ಳುವ ಹೋರಾಟದ ಭಾರ ನಾಗಿಯದು. ಅದರ ಶ್ರೇಯಸ್ಸನ್ನು ಅವಳ ಗಂಡ ದೈವಕ್ಕೆ ಸಲ್ಲಿಸುತ್ತಾನೆ. ‘ದ್ವೀಪ’ವನ್ನು ನೋಡಿದ ಕಣ್ಣು ರೂತಳ ಮೌನವನ್ನು ಕೇಳಿಸಿಕೊಳ್ಳುತ್ತದೆ. ಬ್ರಿಟಿಷ್ ವಿಮರ್ಶೆ ಈ ಚಿತ್ರವನ್ನು ಹೆಚ್ಚಾಗಿ ಪೊವೆಲ್‌ನ ಮುಂದಿನ ಪ್ರೌಢ ಕೃತಿಗಳ ಪೂರ್ವಸೂಚನೆಯಾಗಿ ಓದಿದೆ. ಕನ್ನಡದ ನೆಲೆಯಿಂದ ನೋಡಿದಾಗ ಅದು ಸ್ಥಳಾಂತರದ ಕಥನಗಳ ಸಾಲಿಗೆ ಸೇರುತ್ತದೆ. ಎರಡನೆಯ ಓದು ಮೊದಲನೆಯದನ್ನು ಸುಳ್ಳುಮಾಡುವುದಿಲ್ಲ. ಅದು ಬಿಟ್ಟದ್ದನ್ನು ತುಂಬುತ್ತದೆ.

5. ತಕರಾರು

ಗುರುತು, ಹೋಲಿಕೆಗಳಷ್ಟೇ ಮುಖ್ಯವಾದದ್ದು ತಕರಾರು. ‘ಎಲಿಫೆಂಟ್ ಬಾಯ್’ ಚಿತ್ರದ ಕಥೆಗೆ ಆಧಾರ ಕಿಪ್ಲಿಂಗನ ‘ಜಂಗಲ್ ಬುಕ್’ (1894) ಸಂಕಲನದ ಒಂದು ಕಥೆ. ಅದು ನಡೆಯುವುದು ಈಗ ಮೇಘಾಲಯಕ್ಕೆ ಸೇರಿರುವ ಗಾರೋ ಬೆಟ್ಟಗಳಲ್ಲಿ. ಅದನ್ನು ಮೈಸೂರಿಗೆ ತಂದು ನಿಲ್ಲಿಸಿದಾಗ ಭೂಗೋಳ, ಉಡುಗೆ, ನುಡಿಗಳು ‘ಭಾರತ’ ಎಂಬ ಒಂದೇ ಕಲ್ಪನೆಯಲ್ಲಿ ಕರಗಿಹೋದವು. ಬಾಲಕನ ಕನಸನ್ನು ಮನ್ನಿಸುವ, ಬೇಟೆಯನ್ನು ನಡೆಸುವ, ನ್ಯಾಯ ತೀರಿಸುವ ಅಧಿಕಾರವೆಲ್ಲ ಪೀಟರ್ಸನ್ ಸಾಹೇಬನದು. ಜಾಡು ಬಲ್ಲ ಕುರುಬರು ಹಿನ್ನೆಲೆಯ ಗುಂಪು ಮಾತ್ರ.

ಈ ತಕರಾರು ನ್ಯಾಯವಾದದ್ದು. ಆದರೆ ಇಲ್ಲಿ ಒಂದು ತೊಡಕೂ ಇದೆ. ಕಿಪ್ಲಿಂಗನ ಪೀಟರ್ಸನ್ ಸಾಹೇಬನಲ್ಲಿ ಸ್ಯಾಂಡರ್‌ಸನ್ನನ ಛಾಯೆಯಿದೆ ಎಂದು ವಿದ್ವಾಂಸರು ಹೇಳುವುದುಂಟು. ಮೈಸೂರಿನಲ್ಲಿ ಖೆಡ್ಡಾದ ಪಾಠ ಕಲಿತ ಸ್ಯಾಂಡರ್‌ಸನ್ ಅನಂತರ ಬಂಗಾಳ ಸರ್ಕಾರದ ಖೆಡ್ಡಾಗಳನ್ನು ನಡೆಸಿದನು. ಇದನ್ನು ಒಪ್ಪುವುದಾದರೆ ಮೈಸೂರಿನ ಕಾಡಿನ ಅರಿವು ಒಬ್ಬ ಅಧಿಕಾರಿಯ ಮೂಲಕ ಈಶಾನ್ಯಕ್ಕೆ ಹೋಗಿ, ಕಿಪ್ಲಿಂಗನ ಕಥೆಯಾಗಿ, ಕೊರ್ಡಾನ ಚಿತ್ರವಾಗಿ ಮರಳಿ ಕಬಿನಿಯ ದಂಡೆಗೇ ಬಂದಂತಾಯಿತು. ಈ ದೀರ್ಘ ಪಯಣದ ಎಲ್ಲ ನಿಲ್ದಾಣಗಳಲ್ಲಿಯೂ ಕುರುಬರ ಅರಿವು ಬಳಕೆಯಾಯಿತು. ಅವರ ಹೆಸರುಗಳು ಮಾತ್ರ ಎಲ್ಲಿಯೂ ನಮೂದಾಗಲಿಲ್ಲ. ಸಾಹೇಬನ ಪಾತ್ರವನ್ನು ಬರಿಯ ಕಟ್ಟುಕಥೆ ಎಂದು ತಳ್ಳಿಹಾಕಿದರೆ ಈ ಸೂಕ್ಷ್ಮ ಕೈತಪ್ಪುತ್ತದೆ.

ಪ್ರೇಕ್ಷಕರ ತಕರಾರಿಗೆ ಪೂರ್ವೇತಿಹಾಸವೂ ಇದೆ. ಸಾಬು ಅಭಿನಯಿಸಿದ ಮುಂದಿನ ಚಿತ್ರ ‘ದಿ ಡ್ರಮ್’ (1938) ವಾಯವ್ಯ ಗಡಿಯ ಜನರನ್ನು ಚಿತ್ರಿಸಿದ ರೀತಿಗಾಗಿ ಮುಂಬಯಿ, ಮದರಾಸುಗಳಲ್ಲಿ ಪ್ರತಿಭಟನೆಯನ್ನು ಎದುರಿಸಿತು. ಇನ್ನೂ ಹತ್ತಿರದ ಉದಾಹರಣೆ ಡೇವಿಡ್ ಲೀನ್‌ನ ‘ಎ ಪ್ಯಾಸೇಜ್ ಟು ಇಂಡಿಯಾ’ (1984). ಕಾದಂಬರಿಕಾರ ಫಾರ್ಸ್ಟರ್‌ನ ಬಿಹಾರದ ಗುಹೆಗಳಿಗೆ ಬದಲಾಗಿ ತೆರೆಯ ಮೇಲೆ ಕಾಣುವುದು ಸಾವನದುರ್ಗ ಮತ್ತು ರಾಮನಗರದ ಬಂಡೆಗಳು. ಚಂದ್ರಾಪುರದ ಪೇಟೆಯನ್ನು ಕಟ್ಟಿದ್ದು ಬೆಂಗಳೂರು ಅರಮನೆಯ ಆವರಣದಲ್ಲಿ. ಲೋಕಪ್ರಸಿದ್ಧವಾದ ಆ ಚಿತ್ರವನ್ನು ಇಲ್ಲಿ ಹೆಸರಿಸಿದ್ದು ಒಂದೇ ಕಾರಣಕ್ಕೆ: ಮಾಗಡಿ ರಸ್ತೆಯಲ್ಲಿ ಓಡಾಡಿದವನಿಗೆ ಆ ಗುಹೆಯ ನಿಗೂಢತೆ ಪೂರ್ಣವಾಗಿ ದಕ್ಕುವುದಿಲ್ಲ. ಅವನಿಗೆ ಬೆಟ್ಟ ಮೊದಲು, ಗುಹೆ ಆಮೇಲೆ.

6. ಕೆಲವು ಮಿತಿಗಳು

ಈ ಕೊನೆಯ ಮಾತು ಪ್ರೇಕ್ಷಕನ ನೆಲೆಯ ಮಿತಿಯನ್ನೂ ಸೂಚಿಸುತ್ತದೆ. ಸ್ಥಳವನ್ನು ಗುರುತಿಸಿದ ಸಂತೋಷ ಕೃತಿಯನ್ನು ಮರೆಸಿಬಿಡಬಹುದು. ಎರಡನೆಯದಾಗಿ, ನೆನಪು ನಂಬಲರ್ಹವಾದರೂ ಪ್ರಶ್ನಾತೀತವಲ್ಲ. ಬಾಲ್ಯದಲ್ಲಿ ಕಂಡ ಖೆಡ್ಡಾ ಮತ್ತು ತೆರೆಯ ಮೇಲೆ ಕಂಡ ಖೆಡ್ಡಾ ಮನಸ್ಸಿನಲ್ಲಿ ಬೆರೆತುಹೋಗುವುದು ಸಹಜ. ಮೂರನೆಯದಾಗಿ, ಫ್ಲಾಹರ್ಟಿಯ ದೃಶ್ಯಗಳನ್ನೂ ಕಣ್ಣುಮುಚ್ಚಿ ದಾಖಲೆಯೆಂದು ಒಪ್ಪುವಂತಿಲ್ಲ. ‘ಮ್ಯಾನ್ ಆಫ್ ಅರಾನ್’ (1934) ಚಿತ್ರಕ್ಕಾಗಿ ಅವನು ಐರ್ಲೆಂಡಿನ ದ್ವೀಪವಾಸಿಗಳಿಂದ, ಅವರು ಎಂದೋ ಕೈಬಿಟ್ಟಿದ್ದ ಮೀನುಬೇಟೆಯನ್ನು ಹೊಸದಾಗಿ ಕಲಿಸಿ ಮಾಡಿಸಿದ್ದನು. ಮೈಸೂರಿನಲ್ಲಿ ಖೆಡ್ಡಾ ಆಗಿನ್ನೂ ಜೀವಂತ ಪದ್ಧತಿಯಾಗಿತ್ತು ಎಂಬುದು ನಿಜ. ಆದರೂ ಯಾವುದು ನಡೆದದ್ದು, ಯಾವುದು ನಡೆಸಿದ್ದು ಎಂಬ ವಿವೇಚನೆ ಅಗತ್ಯ. ನಾಲ್ಕನೆಯದಾಗಿ, ನಗರದ ಚಿತ್ರಸಮಾಜದ ಸದಸ್ಯತ್ವ ಹೆಚ್ಚಾಗಿ ವಿದ್ಯಾವಂತ ಮಧ್ಯಮವರ್ಗದ್ದು. ಖೆಡ್ಡಾವನ್ನು ನಡೆಸಿದ ಸಮುದಾಯಗಳ ಕಣ್ಣಿಗೆ ಈ ಚಿತ್ರ ಹೇಗೆ ಕಂಡೀತು ಎಂಬ ಪ್ರಶ್ನೆಗೆ ಆ ಸಭಾಂಗಣದಲ್ಲಿ ಉತ್ತರ ದೊರೆಯುವುದಿಲ್ಲ. ಚಿತ್ರವೇ ಹಾಡಿಗಳಿಗೆ ಹೋಗಬೇಕಾಗುತ್ತದೆ.

7. ಸಮಾರೋಪ

ಒಟ್ಟಿನಲ್ಲಿ, ಚಿತ್ರವೊಂದು ‘ಅಲ್ಪಪ್ರಸಿದ್ಧ’ ಎನಿಸಿಕೊಳ್ಳುವುದು ಯಾರ ನೆಲೆಯಿಂದ ಎಂಬ ಪ್ರಶ್ನೆಯನ್ನು ಇಲ್ಲಿನ ಚರ್ಚೆ ಎತ್ತುತ್ತದೆ. ಲಂಡನ್ನಿನಿಂದ ನೋಡಿದರೆ ಅಂಚಿನಲ್ಲಿರುವ ಕೃತಿ ಕಬಿನಿಯ ಕಡೆಯಿಂದ ನೋಡಿದರೆ ನಡುವಿಗೆ ಬರುತ್ತದೆ. ಈ ಸ್ಥಾನಪಲ್ಲಟವನ್ನು ಮಾಡುವವನು ವಿಮರ್ಶಕನಷ್ಟೇ ಅಲ್ಲ, ಪಕ್ಕದ ಕುರ್ಚಿಯವನೊಡನೆ ಮಾತನಾಡುವ ಪ್ರೇಕ್ಷಕನೂ ಹೌದು. ಅರ್ಧ ಶತಮಾನ ದಾಟಿದ ಸುಚಿತ್ರಾದಂಥ ಸಂಸ್ಥೆಗಳ ಚರಿತ್ರೆಯನ್ನು ಬರೆಯುವಾಗ ತೋರಿಸಿದ ಚಿತ್ರಗಳ ಪಟ್ಟಿಯ ಜೊತೆಗೆ ಆಡಿದ ಮಾತುಗಳ ದಾಖಲೆಯೂ ಬೇಕೆನ್ನುವುದು ಇದರಿಂದಲೇ.

ಇದಕ್ಕೆ ಹೆಚ್ಚು ಕಾಲಾವಕಾಶವಿಲ್ಲ. 1971ರ ಖೆಡ್ಡಾವನ್ನು ಹತ್ತು ವರ್ಷದ ಬಾಲಕನಾಗಿ ಕಂಡವನಿಗೂ ಈಗ ಅರುವತ್ತು ದಾಟಿದೆ. ಮುಳುಗಡೆಗೆ ಮೊದಲಿನ ಕಾಕನಕೋಟೆಯಲ್ಲಿ ದುಡಿದವರು ಇನ್ನೂ ಹಿರಿಯರು. ಜನಪದ ಕಾವ್ಯಗಳನ್ನು ಹಾಡುಗಾರರ ಬಾಯಿಂದ ಬರೆದುಕೊಂಡ ಕನ್ನಡ ವಿಭಾಗಗಳಿಗೆ ಈ ಕೆಲಸ ಹೊಸದೇನೂ ಅಲ್ಲ. ಬಿಳಿಯ ಪರದೆ, ಒಂದು ಪ್ರಕ್ಷೇಪಕ, ಮಾತನ್ನು ಹಿಡಿದಿಡುವ ಯಂತ್ರ ಇಷ್ಟಿದ್ದರೆ ‘ಎಲಿಫೆಂಟ್ ಬಾಯ್’ ಚಿತ್ರವನ್ನು ಬನಶಂಕರಿಯಲ್ಲಿಯೂ ತೋರಿಸಬಹುದು, ಹೆಗ್ಗಡದೇವನಕೋಟೆಯ ಹಾಡಿಗಳಲ್ಲಿಯೂ ತೋರಿಸಬಹುದು. ಎರಡೂ ಕಡೆಯ ಮಾತುಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ಓದಿದಾಗ, ತೆರೆಯ ಮೇಲೆ ಹೆಸರಿಲ್ಲದೆ ಉಳಿದವರಲ್ಲಿ ಕೆಲವರಿಗಾದರೂ ಅವರ ಹೆಸರು ಮರಳಿ ದೊರೆತೀತು.